ಅಭ್ಯಾಸಗಾನದಿಂದ ವಾದ್ಯವೃಂದಕ್ಕೆ: ರವೀಂದ್ರರ ಆರಂಭದ ಗೀತೆಗಳು ಮತ್ತು ಅವುಗಳ ಕನ್ನಡ ಮಟ್ಟು

1

ಕೊಲ್ಕತ್ತ ಮಹಾನಗರದ ಪೂರ್ವದಿಕ್ಕಿಗೆ, ರಾಜಾರ್‌ಹಾಟ್ ಪ್ರದೇಶದಲ್ಲಿ ಹೊಸದಾಗಿ ಬೆಳೆದಿರುವ ನಗರಕ್ಕೆ ನ್ಯೂ ಟೌನ್ ಎಂದು ಹೆಸರು. ರವೀಂದ್ರನಾಥ ಠಾಕೂರರ ಬದುಕಿಗೂ ಬರಹಕ್ಕೂ ಮೀಸಲಾದ 'ರವೀಂದ್ರತೀರ್ಥ' ಎಂಬ ಸಂಸ್ಕೃತಿ ಕೇಂದ್ರ 2012ರಲ್ಲಿ ಇಲ್ಲಿ ಆರಂಭವಾಯಿತು. ಜೋಡಾಸಾಂಕೋದ ಹಳೆಯ ಮನೆ ಮತ್ತು ಶಾಂತಿನಿಕೇತನ ಕವಿ ಬಾಳಿದ ನೆಲೆಗಳು. ನ್ಯೂ ಟೌನಿನ ಕೇಂದ್ರ ಕವಿಯನ್ನು ಕಾಣದ ತಲೆಮಾರು ಕವಿಗಾಗಿ ಕಟ್ಟಿಕೊಂಡ ನೆಲೆ. ರವೀಂದ್ರಗೀತೆಯ ಇಂದಿನ ಶ್ರೋತೃಗಳ ಸ್ಥಿತಿಯೂ ಇದಕ್ಕೆ ಸಮೀಪವಾದುದು. ತಂಬೂರಿ, ಎಸ್ರಾಜ್‌ಗಳ ಜೊತೆಯಲ್ಲಿ ಹುಟ್ಟಿದ ಹಾಡನ್ನು ಅವರು ಬಹುಮಟ್ಟಿಗೆ ಪಿಟೀಲುಗಳ ಸಾಲು, ಪಿಯಾನೋ, ಗಿಟಾರ್, ಕೀಬೋರ್ಡ್‌ಗಳು ಕೂಡಿದ ವಾದ್ಯವೃಂದದ ಮೂಲಕವೇ ಅರಿತವರು. ಹೀಗೆ ವೃಂದದೊಡನೆ ಕೇಳಿಬರುವ ಜನಪ್ರಿಯ ಗೀತೆಗಳಲ್ಲಿ ಕೆಲವು ಕವಿಯ ಆರಂಭಕಾಲದ ಅಭ್ಯಾಸ ರಚನೆಗಳು. ಅವುಗಳಲ್ಲಿಯೂ ಕೆಲವು ಕನ್ನಡ ಹಾಡುಗಳ ಧಾಟಿಯ ಮೇಲೆ ಕಟ್ಟಿದವು. ಈ ಸಂಗತಿ ಬಂಗಾಳದಲ್ಲಿ ತಜ್ಞರ ಪಟ್ಟಿಗಳಲ್ಲಿ ಉಳಿದಿದೆ. ಕನ್ನಡದಲ್ಲಿ ಅದರ ಚರ್ಚೆ ವಿರಳ.

ಕರ್ನಾಟಕ ಸಂಗೀತ ಪರಂಪರೆ ರಚನೆಗಳನ್ನು 'ಅಭ್ಯಾಸಗಾನ' ಮತ್ತು 'ಸಭಾಗಾನ' ಎಂದು ಎರಡಾಗಿ ವಿಂಗಡಿಸುತ್ತದೆ. ಪುರಂದರದಾಸರಿಂದ ಬಂದವೆಂದು ಸಂಪ್ರದಾಯ ನಂಬುವ ಸರಳೆ, ಜಂಟಿವರಸೆ, ಅಲಂಕಾರ ಹಾಗೂ ಮಲಹರಿಯ ಪಿಳ್ಳಾರಿ ಗೀತೆಗಳು ಮೊದಲನೆಯ ವರ್ಗಕ್ಕೆ ಸೇರಿದವು. ಕೃತಿ, ರಾಗಮಾಲಿಕೆಗಳು ಎರಡನೆಯದಕ್ಕೆ. ಈ ವಿಂಗಡಣೆಯಲ್ಲಿ ಅಭ್ಯಾಸ ಎಂಬುದು ಗುರು ಶಿಷ್ಯನಿಗಾಗಿ ರಚಿಸಿದ ಪಾಠ. ಮುಂದೆ ವಾಗ್ಗೇಯಕಾರನಾಗಲಿರುವವನು ತನ್ನ ಕೈ ಪಳಗಲೆಂದು ತಾನೇ ಮಾಡಿಕೊಂಡ ರಚನೆಗೆ ನಮ್ಮ ಶಾಸ್ತ್ರ ಪ್ರತ್ಯೇಕ ಹೆಸರಿಟ್ಟಿಲ್ಲ. ಬಂಗಾಳಿಯಲ್ಲಿ ಅದಕ್ಕೆ ಹತ್ತಿರವಾದ ಒಂದು ಮಾತಿದೆ: 'ಭಾಂಗಾ ಗಾನ್', ಎಂದರೆ ಮುರಿದು ಕಟ್ಟಿದ ಹಾಡು. ಇನ್ನೊಂದು ಹಾಡಿನ ಮಾತನ್ನು ಕಳಚಿ, ಧಾಟಿಯನ್ನು ಉಳಿಸಿಕೊಂಡು, ಹೊಸ ಮಾತನ್ನು ಹೊಂದಿಸಿದ ಗೀತೆ ಇದು. ಇಂತಹ ಗೀತೆ ವಾದ್ಯವೃಂದಕ್ಕೆ ಏರಿ ಸಭಾಗಾನವಾದಾಗ ಅದರಲ್ಲಿ ಯಾವುದು ಬೆಳೆಯುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ರವೀಂದ್ರರಿಗೆ (1861–1941) ಶಾಸ್ತ್ರೀಯ ಸಂಗೀತದ ದೀರ್ಘವೂ ಕ್ರಮಬದ್ಧವೂ ಆದ ಶಿಕ್ಷಣ ದೊರೆಯಲಿಲ್ಲ. ಮನೆಯಲ್ಲಿ ಆದಿ ಬ್ರಾಹ್ಮಸಮಾಜದ ಗಾಯಕ ಬಿಷ್ಣು ಚಕ್ರವರ್ತಿಯವರಿಂದ, ಬಿಷ್ಣುಪುರ ಪರಂಪರೆಯ ಜದು ಭಟ್ಟರಿಂದ ಕೇಳಿದ್ದುಂಟು, ಕಲಿತದ್ದುಂಟು. ಆದರೆ ಅವರ ನಿಜವಾದ ಕಮ್ಮಟ ಅಣ್ಣ ಜ್ಯೋತಿರಿಂದ್ರನಾಥರ ಪಿಯಾನೋ. ಅಣ್ಣ ವಾದ್ಯದ ಮೇಲೆ ಹೊಸ ಹೊಸ ಧಾಟಿಗಳನ್ನು ಹೊರಡಿಸುತ್ತಿದ್ದರೆ ಪಕ್ಕದಲ್ಲಿ ಕುಳಿತ ತಮ್ಮನೂ ಗೆಳೆಯ ಅಕ್ಷಯಚಂದ್ರ ಚೌಧುರಿಯವರೂ ಆ ಸ್ವರಗಳಿಗೆ ಮಾತು ಹೊಂದಿಸುತ್ತಿದ್ದರೆಂಬುದನ್ನು ಕವಿ ತಮ್ಮ 'ಜೀವನಸ್ಮೃತಿ'ಯಲ್ಲಿ (1912) ಬಣ್ಣಿಸಿದ್ದಾರೆ. ಸಾಮಾನ್ಯವಾಗಿ ಕವಿ ಮೊದಲು ಪದ್ಯ ಬರೆಯುತ್ತಾನೆ, ಅನಂತರ ಯಾರೋ ರಾಗ ಹಾಕುತ್ತಾರೆ. ಇಲ್ಲಿ ಕ್ರಮ ತಿರುಗುಮುರುಗಾಗಿದೆ. ಸ್ವರ ಮೊದಲು, ಮಾತು ಅನಂತರ. ಇದಕ್ಕಿಂತ ಕಠಿನವಾದ ಛಂದಸ್ಸಿನ ಪಾಠ ಬೇರೊಂದಿಲ್ಲ.

1878ರಲ್ಲಿ ಇಂಗ್ಲೆಂಡಿಗೆ ತೆರಳಿ 1880ರಲ್ಲಿ ಹಿಂದಿರುಗಿದ ತರುಣ ಕವಿ ಅಲ್ಲಿ ಕೇಳಿದ ಧಾಟಿಗಳನ್ನೂ ಈ ಕಮ್ಮಟಕ್ಕೆ ತಂದರು. 'ವಾಲ್ಮೀಕಿ ಪ್ರತಿಭಾ' (1881) ಮತ್ತು 'ಕಾಲಮೃಗಯಾ' (1882) ಎಂಬ ಗೀತನಾಟಕಗಳಲ್ಲಿ ಹಿಂದೂಸ್ತಾನಿ ರಾಗಗಳ ಪಕ್ಕದಲ್ಲಿ ಐರಿಷ್, ಸ್ಕಾಟಿಷ್ ಮೂಲದ ಧಾಟಿಗಳಿವೆ. 'ಕಾಲಮೃಗಯಾ'ದ 'ಫೂಲೇ ಫೂಲೇ' ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸನ ಗೀತೆಯೊಂದರ ಧಾಟಿ. 'ಪುರಾನೋ ಸೇಯಿ ದಿನೇರ್ ಕಥಾ' ಅದೇ ಕವಿಯ ಮತ್ತೊಂದು ಪ್ರಸಿದ್ಧ ಗೀತೆಯದು. ಕವಿಯ ಅಣ್ಣನ ಮಗಳು ಇಂದಿರಾದೇವಿ ಚೌಧುರಾಣಿಯವರು ಮುಂದೆ ಸಿದ್ಧಪಡಿಸಿದ ಪಟ್ಟಿಯಲ್ಲಿ ಇಂತಹ ಮುರಿದು ಕಟ್ಟಿದ ಹಾಡುಗಳ ಸಂಖ್ಯೆ ಇನ್ನೂರನ್ನು ಮೀರುತ್ತದೆ. ಒಟ್ಟು ಗೀತೆಗಳು ಸುಮಾರು 2,200 ಎಂಬುದನ್ನು ನೆನೆದರೆ ಈ ಭಾಗ ಅಲ್ಪವಲ್ಲ.

ಪಾಶ್ಚಾತ್ಯ ಸಂಗೀತದಲ್ಲಿ ಇದಕ್ಕೆ ಹೋಲಿಕೆಯುಂಟು. ಮೊಟ್ಸಾರ್ಟ್ ತನ್ನ ಹನ್ನೊಂದನೆಯ ವಯಸ್ಸಿನಲ್ಲಿ, 1767ರಲ್ಲಿ, ಬರೆದ ಮೊದಲ ನಾಲ್ಕು ಪಿಯಾನೋ ಕನ್ಸರ್ಟೋಗಳು ದೀರ್ಘಕಾಲ ಅವನ ಸ್ವಂತ ಕೃತಿಗಳೆಂದೇ ಎಣಿಕೆಯಾಗಿದ್ದವು. ರೌಪಾಖ್, ಹೊನಾವರ್, ಶೋಬರ್ಟ್ ಮೊದಲಾದ ಅಂದಿನ ರಚನಕಾರರ ಸೊನಾಟಾಗಳನ್ನು ತೆಗೆದುಕೊಂಡು ಬಾಲಕ ಅವಕ್ಕೆ ವಾದ್ಯವೃಂದದ ಭಾಗಗಳನ್ನು ಸೇರಿಸಿದ್ದನೆಂಬುದು ಇಪ್ಪತ್ತನೆಯ ಶತಮಾನದ ವಿದ್ವಾಂಸರ ಶೋಧನೆಯಿಂದ ಸ್ಪಷ್ಟವಾಯಿತು. ಇದರಿಂದ ಮೊಟ್ಸಾರ್ಟನ ಹಿರಿಮೆ ಕುಂದಲಿಲ್ಲ. ಆದರೆ ಮರೆಯಾಗಿದ್ದ ಮೂಲಕಾರರ ಹೆಸರುಗಳು ಮತ್ತೆ ಬೆಳಕಿಗೆ ಬಂದವು. ಮೂಲಶೋಧನೆ ದೊಡ್ಡವನನ್ನು ಚಿಕ್ಕವನನ್ನಾಗಿ ಮಾಡುವ ಕೆಲಸವಲ್ಲವೆಂಬುದಕ್ಕೆ ಇದು ಉತ್ತಮ ನಿದರ್ಶನ.

3

ಕನ್ನಡ ಧಾಟಿಗಳು ಈ ಕಮ್ಮಟವನ್ನು ಸೇರಿದ ಬಗೆಗೆ ಎರಡು ದಾರಿಗಳನ್ನು ಗುರುತಿಸಬಹುದು. ಒಂದು ಕಾರವಾರದ ದಾರಿ, ಇನ್ನೊಂದು ಮೈಸೂರಿನ ದಾರಿ.

ಭಾರತೀಯರಲ್ಲಿ ಮೊದಲಿಗರಾಗಿ ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಸತ್ಯೇಂದ್ರನಾಥ ಠಾಕೂರರು ಮುಂಬಯಿ ಪ್ರಾಂತದಲ್ಲಿ ಅಧಿಕಾರಿಯಾಗಿದ್ದರು. ಅವರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ಹರೆಯದ ರವೀಂದ್ರರು ಅಲ್ಲಿ ಕೆಲಕಾಲ ತಂಗಿದ್ದರು. 'ಪ್ರಕೃತಿರ್ ಪ್ರತಿಶೋಧ್' ನಾಟಕ ಅಲ್ಲಿ ರೂಪುಗೊಂಡಿತು. ಬೆಳುದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಸಾಗಿದ ಅನುಭವ 'ಜೀವನಸ್ಮೃತಿ'ಯ ಅತ್ಯಂತ ಸುಂದರ ಭಾಗಗಳಲ್ಲೊಂದು. ಈ ವಾಸ್ತವ್ಯದ ಆಸುಪಾಸಿನ ವರ್ಷಗಳ ಬ್ರಹ್ಮಗೀತೆಗಳಲ್ಲಿ ಎರಡಕ್ಕೆ ಬಂಗಾಳದ ಪಟ್ಟಿಗಳು ಕನ್ನಡ ಮೂಲವನ್ನು ಹೇಳುತ್ತವೆ. 'ಬಡೋ ಆಶಾ ಕೊರೇ' ಎಂಬ ಗೀತೆಗೆ 'ಸಖಿ ಬಾ ಬಾ' ಎಂಬ ಹಾಡಿನ ಧಾಟಿ. 'ಆಜಿ ಶುಭದಿನೇ' ಎಂಬುದಕ್ಕೆ 'ಪೂರ್ಣಚಂದ್ರಾನನೆ' ಎಂಬುದರ ಧಾಟಿ. 'ಸಕಾತರೇ' ಎಂದು ಮೊದಲಾಗುವ ಮೂರನೆಯ ಗೀತೆಯನ್ನೂ ಕನ್ನಡ ಧಾಟಿಯ ಸಾಲಿಗೆ ಸೇರಿಸುವುದುಂಟು.

ಸಖಿಯನ್ನು ಕರೆಯುವ, ಚಂದ್ರಮುಖಿಯನ್ನು ಸಂಬೋಧಿಸುವ ಈ ಎತ್ತುಗಡೆಗಳು ಜಾವಳಿಯ ಇಲ್ಲವೆ ನಾಟಕದ ಪದಗಳ ಜಾಡನ್ನು ನೆನಪಿಗೆ ತರುತ್ತವೆ. ಆ ಕಾಲದಲ್ಲಿ ಧಾರವಾಡ, ಬೆಳಗಾವಿ, ಕಾರವಾರದ ಸೀಮೆಯಲ್ಲಿ ಕನ್ನಡ ಮತ್ತು ಮರಾಠಿ ರಂಗಗೀತೆಗಳ ನಡುವೆ ಧಾಟಿಗಳ ಕೊಡುಕೊಳ್ಳೆ ಬಹಳವಾಗಿತ್ತು. 1880ರಲ್ಲಿ 'ಸಂಗೀತ ಶಾಕುಂತಲ'ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೆಂಬುದು ಇಲ್ಲಿ ಗಮನಾರ್ಹ. ಧಾಟಿಗೆ ಭಾಷೆಯ ಗಡಿಯಿಲ್ಲ. ಆದರೆ ಕನ್ನಡದ ಪದಕಾರರು ಇನ್ನೊಂದು ಹಾಡಿನ ಧಾಟಿಯನ್ನು ಬಳಸಿದಾಗ ಹೊಸ ಹಾಡಿನ ತಲೆಯ ಮೇಲೆ ಮೂಲದ 'ಮಟ್ಟು' ಯಾವುದೆಂದು ಬರೆಯುವ ಪದ್ಧತಿಯನ್ನು ಇಟ್ಟುಕೊಂಡಿದ್ದರು. ಕಂಪೆನಿ ನಾಟಕಗಳ ಪದಾವಳಿಗಳನ್ನು ತೆರೆದರೆ ಇಂತಹ 'ವರ್ಣಮಟ್ಟು'ಗಳ ಸೂಚನೆ ಹೇರಳವಾಗಿ ಕಾಣುತ್ತದೆ. ಮಟ್ಟನ್ನು ಹೆಸರಿಸುವುದು ಗಾಯಕನಿಗೆ ಅನುಕೂಲವೂ ಹೌದು, ಮೂಲಕ್ಕೆ ಸಲ್ಲಿಸಿದ ಋಣವೂ ಹೌದು.

ರವೀಂದ್ರರು ಧಾಟಿಯನ್ನು ಉಳಿಸಿ ಭಾವವನ್ನು ಹೇಗೆ ತಿರುಗಿಸಿದರೆಂಬುದು ಸಾಹಿತ್ಯದ ವಿದ್ಯಾರ್ಥಿಗೆ ಅತ್ಯಂತ ಕುತೂಹಲಕರವಾದ ವಿಷಯ. ಕನ್ನಡದ ಎತ್ತುಗಡೆಯಲ್ಲಿ ಕರೆಯಿದೆ: ಗೆಳತಿ, ಬಾ. ಬಂಗಾಳಿಯಲ್ಲಿ ಬಂದವನೊಬ್ಬನ ಮೊರೆಯಿದೆ: ದೊಡ್ಡ ಆಸೆಯಿಟ್ಟುಕೊಂಡು ಬಂದಿರುವೆ, ತಾಯೇ, ಹಿಂದಕ್ಕೆ ಕಳುಹಬೇಡ ಎಂಬುದು ಅದರ ತಾತ್ಪರ್ಯ. ಸಖಿ ಜನನಿಯಾಗಿದ್ದಾಳೆ, ಶೃಂಗಾರ ಭಕ್ತಿಯಾಗಿದೆ, 'ಬಾ' ಎಂಬ ಕರೆಗೆ 'ಬಂದೆ' ಎಂಬ ಉತ್ತರ ದೊರೆತಂತಿದೆ. ಹೀಗೆಯೇ ಚಂದ್ರಾನನೆಯನ್ನು ಕುರಿತ ಹಾಡಿನ ಧಾಟಿಯಲ್ಲಿ, ಶುಭದಿನದಂದು ತಂದೆಯ ಮನೆಗೆ ನಡೆಯೋಣ ಬನ್ನಿರೆಂಬ ಆಹ್ವಾನ ಸೇರಿಕೊಂಡಿದೆ. ಲೌಕಿಕ ಶೃಂಗಾರವನ್ನು ಭಕ್ತಿಗೆ ಮರುಗಿಸುವ ಈ ಕೌಶಲ ಹರಿದಾಸ ಸಾಹಿತ್ಯವನ್ನು ಓದಿದವರಿಗೆ ಹೊಸದಲ್ಲ.

ಛಂದಸ್ಸಿನ ದೃಷ್ಟಿಯಿಂದಲೂ ಒಂದು ಮಾತನ್ನು ಹೇಳಬೇಕು. ಕನ್ನಡದಲ್ಲಿ ಹ್ರಸ್ವ-ದೀರ್ಘಗಳ ಭೇದ ಅರ್ಥವನ್ನೇ ಬದಲಿಸುತ್ತದೆ. 'ಬಾ' ಎಂಬಲ್ಲಿನ ದೀರ್ಘ ಸ್ವರವನ್ನು ಎಳೆದು ಹಾಡುವುದು ಭಾಷೆಗೆ ಸಹಜ. ಇಂದಿನ ಬಂಗಾಳಿ ಉಚ್ಚಾರಣೆಯಲ್ಲಿ ಬರಹದ ಹ್ರಸ್ವ-ದೀರ್ಘಗಳಿಗೆ ಆ ಬಗೆಯ ಖಚಿತ ಭೇದ ಉಳಿದಿಲ್ಲ. ಆದಕಾರಣ ಕನ್ನಡ ಧಾಟಿಗೆ ಬಂಗಾಳಿ ಮಾತನ್ನು ಹೊಂದಿಸುವವನು ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಧಾಟಿಯಿಂದಲೇ ಕಲಿಯಬೇಕಾಗುತ್ತದೆ. ಇದೇ ಅಭ್ಯಾಸದ ನಿಜವಾದ ಫಲ. ರವೀಂದ್ರರ ಪ್ರೌಢಗೀತೆಗಳಲ್ಲಿ ಮಾತು ಮತ್ತು ಸ್ವರ ಒಂದನ್ನೊಂದು ಬಿಡದೆ ನಡೆಯುವುದಕ್ಕೆ ಈ ಪರಭಾಷೆಯ ಧಾಟಿಗಳ ಮೇಲೆ ಮಾಡಿದ ಸಾಧನೆ ಒಂದು ಕಾರಣವೆಂದು ಭಾವಿಸಲು ಅವಕಾಶವಿದೆ.

ಮೈಸೂರಿನ ದಾರಿಯನ್ನು ತೆರೆದವರು ಕವಿಯ ಅಕ್ಕ ಸ್ವರ್ಣಕುಮಾರೀದೇವಿಯವರ ಮಗಳು ಸರಳಾದೇವಿ (1872–1945). 1890ರ ದಶಕದ ಮಧ್ಯಭಾಗದಲ್ಲಿ ಅವರು ಮೈಸೂರಿನ ಮಹಾರಾಣಿ ಬಾಲಿಕಾ ಪಾಠಶಾಲೆಯಲ್ಲಿ ಅಧ್ಯಾಪಿಕೆಯಾಗಿ ಕೆಲಸ ಮಾಡಿದರು. ಅದು ವೀಣೆ ಶೇಷಣ್ಣನವರೂ ಮೈಸೂರು ವಾಸುದೇವಾಚಾರ್ಯರೂ ಇದ್ದ ಮೈಸೂರು. ಅಲ್ಲಿ ಸಂಗ್ರಹಿಸಿದ ಹಾಡುಗಳನ್ನು ಸರಳಾದೇವಿ ತಮ್ಮ ಸೋದರಮಾವನಿಗೆ ಕಾಣಿಕೆಯಾಗಿ ಒಪ್ಪಿಸಿದರು. ಅವುಗಳಿಂದ ಹುಟ್ಟಿದ ಗೀತೆಗಳಲ್ಲಿ 'ಆನಂದಲೋಕೇ ಮಂಗಲಾಲೋಕೇ' ಪ್ರಸಿದ್ಧವಾದುದು. ಅದರ ಧಾಟಿಯನ್ನು 'ಮಹೀಸೂರಿ ಭಜನೆ' ಎಂದೇ ಬಂಗಾಳದಲ್ಲಿ ಗುರುತಿಸುತ್ತಾರೆ. ತ್ಯಾಗರಾಜರ ಪೂರ್ಣಷಡ್ಜ ರಾಗದ 'ಲಾವಣ್ಯ ರಾಮ' ಕೃತಿಯಿಂದ 'ಏಕಿ ಲಾವಣ್ಯೇ' ಹುಟ್ಟಿತು. ಇಲ್ಲಿ ಧಾಟಿಯ ಜೊತೆಗೆ 'ಲಾವಣ್ಯ' ಎಂಬ ಶಬ್ದವೂ ನಡೆದು ಬಂದಿದೆ. ಈ ವೇಳೆಗೆ ಕವಿ ಮೂವತ್ತು ದಾಟಿದ್ದರು. ಅಭ್ಯಾಸಿಯ ಕಾಲ ಕಳೆದರೂ ಅಭ್ಯಾಸದ ಕ್ರಮವನ್ನು ಅವರು ಬಿಟ್ಟಿರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

4

ಇನ್ನು ವಾದ್ಯಸಂಯೋಜನೆಯ ವಿಚಾರ. ಬಂಗಾಳಿಯಲ್ಲಿ ವಾದ್ಯವೃಂದಕ್ಕೆ 'ಐಕತಾನ' ಎಂಬ ಅರ್ಥಪೂರ್ಣವಾದ ಹೆಸರಿದೆ. 1858ರಲ್ಲಿ ಬೆಲ್‌ಗಾಛಿಯಾ ರಂಗಶಾಲೆಯಲ್ಲಿ 'ರತ್ನಾವಳಿ' ನಾಟಕ ನಡೆದಾಗ ಕ್ಷೇತ್ರಮೋಹನ ಗೋಸ್ವಾಮಿಯವರು ದೇಶೀಯ ಧಾಟಿಗಳನ್ನು ಸ್ವರಲಿಪಿಯಲ್ಲಿ ಬರೆದು ವೃಂದದಿಂದ ನುಡಿಸಿದರು. ರವೀಂದ್ರರು ಹುಟ್ಟುವ ಮೊದಲೇ ಕೊಲ್ಕತ್ತಕ್ಕೆ ವೃಂದವಾದನದ ರುಚಿ ಹತ್ತಿತ್ತೆಂದು ಹೇಳಬಹುದು.

ರವೀಂದ್ರರ ಆರಂಭದ ಗೀತೆಯೊಂದಕ್ಕೆ ಪಾಶ್ಚಾತ್ಯ ಕ್ರಮದ ವಾದ್ಯರೂಪ ದೊರೆತ ಆರಂಭದ ನಿದರ್ಶನಗಳಲ್ಲೊಂದು ಮತ್ತೊಬ್ಬ ವಿದ್ಯಾರ್ಥಿನಿಯ ಅಭ್ಯಾಸದಿಂದಲೇ ಎಂಬುದು ಸ್ವಾರಸ್ಯಕರವಾದ ಸಂಗತಿ. ಮೇಲೆ ಹೇಳಿದ 'ಸಕಾತರೇ' ಗೀತೆಯನ್ನು ಬಾಲಕಿ ಸರಳಾದೇವಿ ಸ್ವರಗುಚ್ಛಗಳನ್ನು ಕೂಡಿಸಿ ಪಿಯಾನೋ ರಚನೆಯಾಗಿ ಮಾರ್ಪಡಿಸಿದರು. ಅದನ್ನು ಮೆಚ್ಚಿದ ಸೋದರಮಾವ ಆಕೆಯ ಹನ್ನೆರಡನೆಯ ಹುಟ್ಟುಹಬ್ಬದಂದು ಪಾಶ್ಚಾತ್ಯ ಸ್ವರಲಿಪಿ ಬರೆಯುವ ಪುಸ್ತಕವೊಂದನ್ನು ಉಡುಗೊರೆಯಾಗಿ ಕೊಟ್ಟು, ಅದರ ಮೇಲೆ ಈ ರಚನೆಯ ಹೆಸರನ್ನೂ ರಚನಕಾರಳೆಂದು ಆಕೆಯ ಹೆಸರನ್ನೂ ಬರೆಸಿದ್ದರು. ಸರಳಾದೇವಿಯವರ ಆತ್ಮಕಥೆ 'ಜೀವನೇರ್ ಝರಾಪಾತಾ' ಇದನ್ನು ದಾಖಲಿಸಿದೆ. 'ಸಕಾತರೇ' ಕನ್ನಡ ಧಾಟಿಯದೆಂಬ ಎಣಿಕೆ ಸರಿಯಾದ ಪಕ್ಷದಲ್ಲಿ, ಒಂದು ಕನ್ನಡ ಹಾಡು ಕೆಲವೇ ವರ್ಷಗಳಲ್ಲಿ ಬಂಗಾಳಿಯ ಬ್ರಹ್ಮಗೀತೆಯಾಗಿ, ಅಲ್ಲಿಂದ ಪಾಶ್ಚಾತ್ಯ ವಾದ್ಯದ ರಚನೆಯಾಗಿ ನಡೆದು ಬಂದ ದಾರಿ ಇಲ್ಲಿ ಕಾಣುತ್ತದೆ.

ಮುಂದಿನ ಘಟ್ಟಗಳನ್ನು ಸಂಕ್ಷೇಪವಾಗಿ ಗುರುತಿಸಬಹುದು. 1930ರ ದಶಕದಲ್ಲಿ ಶಾಂತಿನಿಕೇತನಕ್ಕೆ ಬಂದ ಫ್ರೆಂಚ್ ವಿದ್ವಾಂಸ ಅಲೇನ್ ದಾನಿಯೆಲೂ ಕೆಲವು ಗೀತೆಗಳನ್ನು ಕಂಠ ಮತ್ತು ಪಿಯಾನೋಗಳಿಗೆ ಅಳವಡಿಸಿದರು. 1937ರ 'ಮುಕ್ತಿ' ಚಲನಚಿತ್ರದ ಮೂಲಕ ಪಂಕಜ್ ಮಲ್ಲಿಕ್ ರವೀಂದ್ರಗೀತೆಯನ್ನು ಚಿತ್ರವಾದ್ಯವೃಂದದೊಡನೆ ಜನಸಾಮಾನ್ಯರ ಕಿವಿಗೆ ತಲುಪಿಸಿದರು. ಸತ್ಯಜಿತ್ ರಾಯ್ ಅವರ 'ಚಾರುಲತಾ'ದಲ್ಲಿ (1964) ನಾಯಕಿ ಉಯ್ಯಾಲೆಯ ಮೇಲೆ ಹಾಡಿಕೊಳ್ಳುವುದು ಅಭ್ಯಾಸಕಾಲದ ಆ 'ಫೂಲೇ ಫೂಲೇ' ಗೀತೆಯನ್ನೇ.

ಈ ಬೆಳವಣಿಗೆ ವಿವಾದವಿಲ್ಲದೆ ನಡೆಯಲಿಲ್ಲ. ಕವಿಯ ನಿಧನಾನಂತರ ಗೀತೆಗಳ ಹಕ್ಕು ವಿಶ್ವಭಾರತಿಯಲ್ಲಿದ್ದಿತು. ಮುದ್ರಿತವಾಗುವ ಗಾಯನಕ್ಕೆ ಅದರ ಸಂಗೀತ ಮಂಡಲಿಯ ಒಪ್ಪಿಗೆ ಬೇಕಾಗಿತ್ತು. ಪ್ರಸಿದ್ಧ ಗಾಯಕ ದೇವವ್ರತ ವಿಶ್ವಾಸರ (1911–1980) ಕೆಲವು ಧ್ವನಿಮುದ್ರಿಕೆಗಳನ್ನು 1960ರ ದಶಕದಲ್ಲಿ ಮಂಡಲಿ ಒಪ್ಪಲಿಲ್ಲ. ವಾದ್ಯಗಳ ಬಳಕೆ ಮಿತಿಮೀರಿದೆಯೆಂಬುದು ಆಕ್ಷೇಪಗಳಲ್ಲೊಂದು. ಅವರು ಮುಂದೆ ರವೀಂದ್ರಗೀತೆಯ ಮುದ್ರಣವನ್ನೇ ನಿಲ್ಲಿಸಿ, ತಮ್ಮ ನೋವನ್ನು 'ಬ್ರಾತ್ಯಜನೇರ್ ರುದ್ಧಸಂಗೀತ್' ಎಂಬ ಗ್ರಂಥದಲ್ಲಿ ತೋಡಿಕೊಂಡರು. ತಮ್ಮ ಧಾಟಿಯನ್ನು ಗಾಯಕರು ಮನಬಂದಂತೆ ತಿದ್ದಬಾರದೆಂಬುದು ಕವಿಯ ಇಚ್ಛೆಯಾಗಿತ್ತು ನಿಜ. ಆದರೆ ಇತರರ ಧಾಟಿಗಳನ್ನು ಮುರಿದು ಕಟ್ಟಿಯೇ ಆ ಕವಿ ಬೆಳೆದದ್ದೂ ಅಷ್ಟೇ ನಿಜ. ಈ ಎರಡು ಸತ್ಯಗಳ ನಡುವಿನ ಬಿಗಿತ ಈ ವಿವಾದದ ಒಡಲಲ್ಲಿದೆ. ಕೃತಿಸ್ವಾಮ್ಯದ ಅವಧಿ 2001ರ ಅಂತ್ಯಕ್ಕೆ ಮುಗಿಯಿತು. ಅಂದಿನಿಂದ ವಾದ್ಯಸಂಯೋಜನೆಗೆ ಕಾನೂನಿನ ತಡೆ ಉಳಿದಿಲ್ಲ.

5

ವೃಂದಕ್ಕೆ ಅಳವಡಿಸುವಾಗ ಧಾಟಿಗೆ ಏನಾಗುತ್ತದೆ? ನಮ್ಮ ಸಂಗೀತದಲ್ಲಿ ರಾಗದ ಜೀವ ಒಂದು ಸ್ವರದಿಂದ ಇನ್ನೊಂದಕ್ಕೆ ಸಾಗುವ ನಡೆಯಲ್ಲಿದೆ. ಜಾರು, ಕಂಪಿತ, ಒದೆತಗಳು ಆ ನಡೆಯ ಅಂಗಗಳು. ಆಧಾರ ಷಡ್ಜ ಅಚಲವಾಗಿ ನಿಂತಿರುತ್ತದೆ. ಪಾಶ್ಚಾತ್ಯ ವೃಂದದಲ್ಲಾದರೋ ಹಲವು ಸ್ವರಗಳು ಏಕಕಾಲದಲ್ಲಿ ನುಡಿದು ಗುಚ್ಛವಾಗುತ್ತವೆ. ಗುಚ್ಛ ಬದಲಾದಂತೆ ಧಾಟಿಯ ನೆಲವೂ ಬದಲಾಗುತ್ತದೆ. ಪಿಯಾನೋದ ಸ್ಥಿರಸ್ವರಗಳಿಗೆ ಜಾರು ಸಾಧ್ಯವಿಲ್ಲ. ಪಿಟೀಲುಗಳು ಜಾರನ್ನು ನುಡಿಸಬಲ್ಲವಾದರೂ ಹತ್ತಾರು ಪಿಟೀಲುಗಳು ಒಂದೇ ಬಗೆಯಾಗಿ ನುಡಿಸಬೇಕಾದಾಗ ಗಮಕವನ್ನು ಸರಳಗೊಳಿಸುವುದು ಅನಿವಾರ್ಯ.

ಹೀಗಿದ್ದರೂ ಎಲ್ಲ ಗೀತೆಗಳೂ ಒಂದೇ ಪ್ರಮಾಣದಲ್ಲಿ ನಲುಗುವುದಿಲ್ಲ. ಅಭ್ಯಾಸಕಾಲದ ಗೀತೆಗಳ ಅಸ್ಥಿಪಂಜರ ಸ್ಪಷ್ಟವಾಗಿರುತ್ತದೆ: ಬಿಡಿಬಿಡಿಯಾದ ಸ್ವರಗಳು, ಸಮನಾದ ಖಂಡಗಳು, ಮರಳಿ ಬರುವ ಪಲ್ಲವಿ. 'ಬಡೋ ಆಶಾ ಕೊರೇ' ಗೀತೆ ನಡೆಯುವುದು ಕರ್ನಾಟಕದ ಕಿವಿಗೂ ಪರಿಚಿತವಾದ ಝಿಂಝೋಟಿ ರಾಗದ ಜಾಡಿನಲ್ಲಿ. 'ಆನಂದಲೋಕೇ' ಗೀತೆಯದು ಶಂಕರಾಭರಣದ ಸ್ವರಶ್ರೇಣಿಗೆ ಹತ್ತಿರವಾದ ನಡೆ. ಪಾಶ್ಚಾತ್ಯ ಸ್ವರಸಂವಾದಕ್ಕೆ ಇಂತಹ ಶ್ರೇಣಿಗಳು ಬೇಗ ಒಗ್ಗುತ್ತವೆ. ಆದುದರಿಂದಲೇ 'ಆನಂದಲೋಕೇ' ಸಮೂಹಗಾಯನಕ್ಕೂ ವೃಂದವಾದನಕ್ಕೂ ಇಷ್ಟವಾದ ಗೀತೆಯಾಗಿದೆ. ಅಭ್ಯಾಸದ ಸರಳತೆಯೇ ಅದನ್ನು ಸಭೆಗೆ ಏರಿಸಿತೆನ್ನಬೇಕು.

ಆದರೆ ಏರಿದಂತೆಲ್ಲ ಮೂಲ ದೂರವಾಗುತ್ತದೆ. ಮೊದಲ ಹಂತದಲ್ಲಿ ಕನ್ನಡದ ಮಾತು ಕಳಚಿತು. ಧಾಟಿಯಲ್ಲಿ ಅದರ ನೆರಳು ಉಳಿದಿತ್ತು. ಎರಡನೆಯ ಹಂತದಲ್ಲಿ, ಗುಚ್ಛಗಳು ಸೇರಿದಾಗ, ಆ ನೆರಳಿನಂತಿದ್ದ ಗಮಕವೂ ಕಳಚಿತು. ಇಂದು ಆ ವೃಂದವಾದನವನ್ನು ಕೇಳುವ ಕನ್ನಡಿಗನಿಗೂ ಅದರಲ್ಲಿ ತನ್ನ ಊರಿನ ದನಿ ಕೇಳಿಸದು. ಕೃತಜ್ಞತೆಯ ಕೊರತೆ ಇದಕ್ಕೆ ಕಾರಣವಲ್ಲ. ರವೀಂದ್ರರ ಪರಿವಾರ ಮೂಲವನ್ನು ಮರೆಮಾಚಲಿಲ್ಲ. ಇಂದಿರಾದೇವಿಯವರ ಪಟ್ಟಿ ಅದಕ್ಕೆ ಸಾಕ್ಷಿ. ಕೊರತೆಯಿರುವುದು ಮೂಲದ ಕಡೆಯಲ್ಲಿ. ಐರಿಷ್, ಸ್ಕಾಟಿಷ್ ಧಾಟಿಗಳ ಮೂಲಗೀತೆಗಳು ಪೂರ್ಣಪಾಠದೊಡನೆ, ಸ್ವರಲಿಪಿಯೊಡನೆ ಯಾರಿಗಾದರೂ ದೊರೆಯುತ್ತವೆ. ತ್ಯಾಗರಾಜರ ಕೃತಿಯೂ ಶಿಷ್ಯಪರಂಪರೆಯಲ್ಲಿ ಜೀವಂತವಾಗಿದೆ. ಕನ್ನಡದ 'ಸಖಿ ಬಾ ಬಾ', 'ಪೂರ್ಣಚಂದ್ರಾನನೆ' ಮಾತ್ರ ಬಂಗಾಳಿ ಪಟ್ಟಿಯ ಎರಡು ಮೂರು ಶಬ್ದಗಳಾಗಿ ಚಾಲ್ತಿಯಲ್ಲಿವೆ.

6

ಇಲ್ಲಿ ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ನಿರ್ದಿಷ್ಟವಾಗಿದೆ. ರವೀಂದ್ರಗೀತೆಗಳ ಸ್ವರಲಿಪಿ 'ಸ್ವರಬಿತಾನ್' ಎಂಬ ಹೆಸರಿನಲ್ಲಿ ಅರವತ್ತಕ್ಕೂ ಹೆಚ್ಚು ಸಂಪುಟಗಳಲ್ಲಿ ಪ್ರಕಟವಾಗಿದೆ. ಅದರಲ್ಲಿ ಬಳಸಿರುವ 'ಆಕಾರಮಾತ್ರಿಕ' ಲಿಪಿ ಸ್ವರಾಕ್ಷರಗಳನ್ನೇ ಅವಲಂಬಿಸಿದ್ದು, ಬಂಗಾಳಿ ಅಕ್ಷರಗಳನ್ನು ಬಲ್ಲ ಸಂಗೀತಜ್ಞರು ಅದನ್ನು ಕನ್ನಡಕ್ಕೆ ತಿರುಗಿಸಿಕೊಳ್ಳುವುದು ಕಷ್ಟವಲ್ಲ. ಇತ್ತ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳ ಜಾವಳಿ ಸಂಗ್ರಹಗಳು, ನಾಟಕ ಪದಾವಳಿಗಳು, ಉತ್ತರ ಕನ್ನಡದ ಮನೆಗಳಲ್ಲಿ ಉಳಿದಿರಬಹುದಾದ ಹಾಡಿನ ಕೈಬರಹದ ಪುಸ್ತಕಗಳು ಪರಿಶೀಲನೆಗೆ ಕಾದಿವೆ. ವರ್ಣಮಟ್ಟಿನ ಸೂಚನೆಗಳಲ್ಲಿ ಈ ಎತ್ತುಗಡೆಗಳು ಎಲ್ಲಿಯಾದರೂ ಬಂದಿವೆಯೇ ಎಂಬುದನ್ನು ನೋಡುವುದು ಮೊದಲ ಹೆಜ್ಜೆ. ದೊರೆತ ಪಾಠವನ್ನು 'ಸ್ವರಬಿತಾನ್' ಧಾಟಿಯೊಡನೆ ಹೊಂದಿಸಿ ಹಾಡಿ ನೋಡುವುದು ಎರಡನೆಯದು. ಗ್ರಂಥಸಂಪಾದನೆಯಲ್ಲಿ ಪಳಗಿದವರೂ ಸಂಗೀತದಲ್ಲಿ ಪಳಗಿದವರೂ ಒಂದೆಡೆ ಕುಳಿತು ಮಾಡಬೇಕಾದ ಕೆಲಸವಿದು, ಒಬ್ಬರಿಂದ ಆಗುವಂತಹುದಲ್ಲ.

ಇದರಿಂದ ಯಾರ ಕೀರ್ತಿಗೂ ಕುಂದಿಲ್ಲ. ಕನ್ನಡ ಧಾಟಿಯಿಂದ ಬಂದುದೆಂದ ಮಾತ್ರಕ್ಕೆ 'ಬಡೋ ಆಶಾ ಕೊರೇ' ರವೀಂದ್ರರದಲ್ಲವೆಂದಾಗುವುದಿಲ್ಲ. ಶೋಬರ್ಟನ ಸೊನಾಟಾದಿಂದ ಬಂದರೂ ಆ ಕನ್ಸರ್ಟೋ ಮೊಟ್ಸಾರ್ಟನ ಬಾಲ್ಯದ ದಾಖಲೆಯಾಗಿಯೇ ಉಳಿದಿದೆ. ನ್ಯೂ ಟೌನಿನ ಹೊಸ ತಲೆಮಾರು ವಾದ್ಯವೃಂದದಲ್ಲಿ ಈ ಗೀತೆಗಳನ್ನು ಕೇಳುವುದೂ ತಪ್ಪಲ್ಲ; ಹಾಡು ಬಾಳುವುದು ಕೇಳುವವರಿಂದ. ಆದರೆ ಹಾಡಿನ ತಲೆಯ ಮೇಲೆ ಮಟ್ಟನ್ನು ಬರೆಯುವುದು ಕನ್ನಡದ ಹಳೆಯ ಸಂಪ್ರದಾಯ. ಆ ಒಂದು ಸಾಲನ್ನು, ಪೂರ್ಣಪಾಠದೊಡನೆ, ಬರೆದು ಕೊಡುವ ಹೊಣೆ ಮಟ್ಟನ್ನು ಕೊಟ್ಟ ಭಾಷೆಯ ವಿದ್ವಾಂಸರ ಮೇಲಿದೆ.